ಮಗುವಿನ ಮೂಗಿನ ಕೆಳಗಿನ ಜೇನುಬಣ್ಣದ ಹಕ್ಕಳೆ: ಇಂಪೆಟಿಗೊವನ್ನು ಗುರುತಿಸಿ ನೋಡಿಕೊಳ್ಳುವ ಬಗೆ

ನೆಗಡಿಯಾದ ಮಗುವಿನ ಮೂಗಿನ ಕೆಳಗೆ ಚರ್ಮ ಕೆಂಪಾಗುವುದು ಹೊಸದೇನಲ್ಲ. ಒರೆಸಿ ಒರೆಸಿ ಅಲ್ಲಿ ತರಚಿದಂತಾಗಿರುತ್ತದೆ. ನೆಗಡಿ ಹೋದ ಮೇಲೆ ಅದೂ ಹೋಗುತ್ತದೆ ಎಂದು ಸುಮ್ಮನಿರುತ್ತೇವೆ. ನನ್ನ ಮಗಳಿಗೆ ಮೂರು ವರ್ಷ ತುಂಬಿದ್ದಾಗ ನಾನೂ ಹಾಗೆಯೇ ಸುಮ್ಮನಿದ್ದೆ. ಮೊದಲ ದಿನ ಸಾಸಿವೆಕಾಳಿನಷ್ಟಿದ್ದ ಕೆಂಪು ಚುಕ್ಕೆ ಮರುದಿನ ನೀರು ತುಂಬಿದ ಗುಳ್ಳೆಯಾಯಿತು, ಸಂಜೆಯೊಳಗೆ ಒಡೆಯಿತು, ಅದರಿಂದ ಒಸರಿದ ತಿಳಿಹಳದಿ ದ್ರವ ಬೆಳಗಾಗುವ ಹೊತ್ತಿಗೆ ಒಣಗಿ, ಗಟ್ಟಿಯಾದ ಜೇನಿನ ಹನಿಯಂತೆ ತುಟಿಯ ಮೇಲೆ ಅಂಟಿಕೊಂಡಿತ್ತು. ಹಕ್ಕಳೆ ಕಟ್ಟಿದ್ದನ್ನು ಕಂಡು ಗಾಯ ಮಾಯುತ್ತಿದೆ ಎಂದು ಸಮಾಧಾನಪಟ್ಟುಕೊಂಡೆ. ನಾಲ್ಕನೆಯ ದಿನ ಗಲ್ಲದ ಮೇಲೆ ಅಂಥದೇ ಎರಡು, ಮೊಣಕೈ ಹತ್ತಿರ ಒಂದು ಕಾಣಿಸಿಕೊಂಡಾಗಷ್ಟೇ ವೈದ್ಯರ ಬಳಿಗೆ ಹೋದೆವು. ಅವರು ಮಗುವಿನ ಮುಖ ನೋಡಿದ ಕೂಡಲೇ ಇದು ಇಂಪೆಟಿಗೊ ಎಂದರು.

ಈ ರೋಗದ ವಿಷಯದಲ್ಲಿ ಮನೆಯವರು ಮಾಡುವ ಮೊದಲ ತಪ್ಪು ನಾನು ಮಾಡಿದ ತಪ್ಪೇ. ಬಿದ್ದು ತರಚಿದ ಗಾಯದ ಮೇಲೆ ಕಟ್ಟುವ ಹಕ್ಕಳೆ ಹೆಪ್ಪುಗಟ್ಟಿದ ರಕ್ತ. ಅದರ ಅಡಿಯಲ್ಲಿ ಹೊಸ ಚರ್ಮ ಬೆಳೆಯುತ್ತಿರುತ್ತದೆ, ಆದ್ದರಿಂದ ಅದನ್ನು ಮುಟ್ಟದೆ ಬಿಡುವುದು ಸರಿ. ಇಂಪೆಟಿಗೊ ಹುಣ್ಣಿನ ಹಕ್ಕಳೆ ಒಸರಿ ಒಣಗಿದ ದ್ರವ. ಅದರೊಳಗೂ ಅದರಡಿಯಲ್ಲೂ ಜೀವಂತ ಬ್ಯಾಕ್ಟೀರಿಯಾಗಳಿರುತ್ತವೆ, ಅದು ಬಿರಿದಾಗಲೆಲ್ಲ ಮತ್ತೆ ಒಸರುತ್ತದೆ, ಮುಟ್ಟಿದ ಬೆರಳಿಗೆ ಅಂಟಿಕೊಂಡು ಮೈಯ ಇನ್ನೊಂದು ಕಡೆಗೋ ಇನ್ನೊಂದು ಮಗುವಿಗೋ ದಾಟುತ್ತದೆ. ಅಲ್ಲದೆ, ಮೇಲೆ ಹಚ್ಚಿದ ಮುಲಾಮು ಅದನ್ನು ದಾಟಿ ಒಳಗಿಳಿಯುವುದೂ ಕಷ್ಟ. ಆದ್ದರಿಂದ ಈ ಕಾಯಿಲೆಯನ್ನು ನೋಡಿಕೊಳ್ಳುವುದೆಂದರೆ ಬಹುಮಟ್ಟಿಗೆ ಆ ಹಕ್ಕಳೆಯನ್ನು, ಅದನ್ನು ಮುಟ್ಟುವ ಕೈಗಳನ್ನು ನೋಡಿಕೊಳ್ಳುವುದು.

ರೋಗ ಹುಟ್ಟುವ ಬಗೆ

ಇಂಪೆಟಿಗೊ ಚರ್ಮದ ತೀರ ಮೇಲಿನ ಪದರಕ್ಕೆ ತಗಲುವ ಸೋಂಕು. ಇದಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಗಳು ಎರಡು: ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್. ಒಂದೇ ಹುಣ್ಣಿನಲ್ಲಿ ಎರಡೂ ಇರುವುದುಂಟು. ಯಾವ ವಯಸ್ಸಿನವರಿಗಾದರೂ ಬರಬಹುದಾದರೂ 2ರಿಂದ 5 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಯಾವುದೇ ಒಂದು ಸಮಯದಲ್ಲಿ ಪ್ರಪಂಚದ 16 ಕೋಟಿಗೂ ಹೆಚ್ಚು ಮಕ್ಕಳ ಮೈಮೇಲೆ ಈ ಹುಣ್ಣು ಇರುತ್ತದೆ ಎಂದು 2015ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಂದಾಜು ಹೇಳುತ್ತದೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಆಸ್ಟ್ರೇಲಿಯಾದಲ್ಲಿ ಜನ ಇದನ್ನು ‘ಶಾಲೆಯ ಹುಣ್ಣು’ ಎಂಬ ಅರ್ಥ ಬರುವ ಹೆಸರಿನಿಂದಲೇ ಕರೆಯುತ್ತಾರೆ.

ಗಟ್ಟಿಮುಟ್ಟಾದ ಚರ್ಮವನ್ನು ಈ ಬ್ಯಾಕ್ಟೀರಿಯಾಗಳು ಸುಲಭವಾಗಿ ಭೇದಿಸಲಾರವು. ಅವಕ್ಕೆ ಒಂದು ಬಿರುಕು ಬೇಕು. ಕೀಟ ಕಚ್ಚಿದ ಜಾಗವನ್ನು ತುರಿಸಿದ ಗೀರು, ತರಚಿದ ಮೊಣಕಾಲು, ಇಸುಬಿನಿಂದ ಒಣಗಿ ಸೀಳಿದ ಚರ್ಮ, ತುರಿಕಜ್ಜಿ, ತಲೆಯ ಹೇನು, ಸೀತಾಳೆ ಸಿಡುಬಿನ ಗುಳ್ಳೆ, ಸುರಿಯುವ ಮೂಗಿನ ಕೆಳಗಿನ ಒರಟು ಚರ್ಮ, ಇವೆಲ್ಲ ಅಂಥ ಬಾಗಿಲುಗಳೇ. ಸೆಕೆ ಮತ್ತು ತೇವ ಹೆಚ್ಚಿರುವ ಕಾಲದಲ್ಲಿ, ಮಕ್ಕಳು ಒತ್ತೊತ್ತಾಗಿ ಇರುವ ಕಡೆಗಳಲ್ಲಿ ರೋಗ ಬೇಗ ಹಬ್ಬುತ್ತದೆ.

ಎರಡು ಬ್ಯಾಕ್ಟೀರಿಯಾಗಳು ಬರುವ ದಾರಿ ಒಂದೇ ಅಲ್ಲ. ಆರೋಗ್ಯವಾಗಿರುವವರಲ್ಲೇ ನೂರಕ್ಕೆ ಸುಮಾರು 30 ಜನರ ಮೂಗಿನ ಹೊಳ್ಳೆಯಲ್ಲಿ ಸ್ಟ್ಯಾಫಿಲೊಕಾಕಸ್ ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತದೆ. ಅದು ಮೊದಲು ಮೂಗಿಗೆ, ಅಲ್ಲಿಂದ ಬೆರಳಿನ ಮೂಲಕ ಚರ್ಮಕ್ಕೆ ಬರುತ್ತದೆ. ಸ್ಟ್ರೆಪ್ಟೊಕಾಕಸ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತದೆ. ಮೊದಲು ಗಾಯವಿಲ್ಲದ ಚರ್ಮದ ಮೇಲೆ ಬಂದು ಕೂರುತ್ತದೆ, ಸುಮಾರು 10 ದಿನಗಳಲ್ಲಿ ಎಲ್ಲೋ ಒಂದು ಗೀರು ಸಿಕ್ಕಾಗ ಹುಣ್ಣಾಗುತ್ತದೆ, ಮೂಗು ಗಂಟಲುಗಳನ್ನು ಸೇರುವುದು ಅದಾದ ಎರಡು ಮೂರು ವಾರಗಳ ಮೇಲೆ. ಹೀಗಾಗಿ ಇಂದು ಕಂಡ ಹುಣ್ಣಿನ ಬೀಜ ಒಂದು ವಾರ, ಹತ್ತು ದಿನಗಳ ಹಿಂದೆಯೇ ಬಿದ್ದಿರಬಹುದು. ಯಾವ ಮಗುವಿನಿಂದ ಬಂತು ಎಂದು ಹುಡುಕಿಕೊಂಡು ಹೋಗುವುದರಿಂದ ಹೆಚ್ಚೇನೂ ಸಿಗುವುದಿಲ್ಲ, ಮನಸ್ತಾಪ ಮಾತ್ರ ಬೆಳೆಯುತ್ತದೆ. ಮನೆ ಶುಚಿಯಾಗಿಲ್ಲ ಎಂಬುದರ ಗುರುತೂ ಇದಲ್ಲ. ದಿನವೂ ಸ್ನಾನ ಮಾಡಿಸಿ ಒಗೆದ ಬಟ್ಟೆ ತೊಡಿಸಿದ ಮಗುವಿಗೂ ಇದು ಬರುತ್ತದೆ.

ಗುರುತಿಸುವುದು ಹೇಗೆ

ಹತ್ತು ಮಕ್ಕಳಲ್ಲಿ ಸುಮಾರು ಏಳು ಮಕ್ಕಳಿಗೆ ಬರುವುದು ನಾನು ಮೇಲೆ ಹೇಳಿದ ಬಗೆಯ ರೋಗ. ಮೂಗು ಮತ್ತು ಬಾಯಿಯ ಸುತ್ತ, ಇಲ್ಲವೇ ಕೈಕಾಲುಗಳ ಮೇಲೆ ಸಣ್ಣ ಕೆಂಪು ಚುಕ್ಕೆಯಾಗಿ ಆರಂಭವಾಗಿ, ಗುಳ್ಳೆಯಾಗಿ, ಒಡೆದು, ಜೇನುಬಣ್ಣದ ಹಕ್ಕಳೆಯಾಗುತ್ತದೆ. ಗುಳ್ಳೆಯ ಹಂತ ಎಷ್ಟು ಬೇಗ ಕಳೆಯುತ್ತದೆ ಎಂದರೆ ಅನೇಕ ತಂದೆತಾಯಂದಿರು ನೇರವಾಗಿ ಹಕ್ಕಳೆಯನ್ನೇ ನೋಡಿರುತ್ತಾರೆ. ತುರಿಕೆ ಇರುತ್ತದೆ, ನೋವು ಕಡಿಮೆ, ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಹತ್ತಿರದ ಗಂಟುಗಳು, ಅಂದರೆ ದವಡೆಯ ಕೆಳಗೋ ಕಂಕುಳಲ್ಲೋ ಇರುವ ದುಗ್ಧಗ್ರಂಥಿಗಳು ಸ್ವಲ್ಪ ಊದಿರಬಹುದು. ಚರ್ಮದ ಬಣ್ಣ ಗಾಢವಾಗಿರುವ ಮಕ್ಕಳಲ್ಲಿ ಕೆಂಪು ಎದ್ದು ಕಾಣದೆ ಕಂದು ಅಥವಾ ನೇರಳೆ ಛಾಯೆಯಾಗಿ ಕಾಣುತ್ತದೆ, ಆದ್ದರಿಂದ ಬಣ್ಣವನ್ನಷ್ಟೇ ನಂಬದೆ ಹಕ್ಕಳೆಯ ಸ್ವರೂಪವನ್ನೂ ಒಸರುವಿಕೆಯನ್ನೂ ಗಮನಿಸಬೇಕು.

ಇನ್ನೊಂದು ಬಗೆಯಲ್ಲಿ ದೊಡ್ಡ ನೀರುಗುಳ್ಳೆಗಳೇಳುತ್ತವೆ. ಇದು ಸ್ಟ್ಯಾಫಿಲೊಕಾಕಸ್‌ನ ಕೆಲಸ. ಅದು ಹೊರಬಿಡುವ ಒಂದು ವಿಷ ಚರ್ಮದ ಮೇಲ್ಪದರದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೊಗ್ಲೀನ್ 1 ಎಂಬ ಪ್ರೋಟೀನನ್ನು ಕತ್ತರಿಸುವುದರಿಂದ ಪದರ ಬಿಟ್ಟುಕೊಂಡು ಅದರಡಿ ನೀರು ತುಂಬುತ್ತದೆ. ಎಳೆ ಮಕ್ಕಳ ಹೊಟ್ಟೆ, ಬೆನ್ನು, ಕಂಕುಳು, ಡಯಾಪರ್ ಕಟ್ಟುವ ಜಾಗಗಳಲ್ಲಿ ಇದು ಹೆಚ್ಚು. ಗುಳ್ಳೆ ಬಿಗಿಯಾಗಿರದೆ ಜೋಲುಜೋಲಾಗಿರುತ್ತದೆ. ಒಡೆದ ಮೇಲೆ ವಾರ್ನಿಷ್ ಹಚ್ಚಿದಂಥ ತೆಳು ಕಂದು ಪೊರೆಯೂ ಅದರ ಅಂಚಿಗೆ ಬಳೆಯಂತೆ ಸುತ್ತಿದ ಚರ್ಮದ ಸಿಪ್ಪೆಯೂ ಉಳಿಯುತ್ತದೆ. ಮೂರನೆಯದಾಗಿ, ಸೋಂಕು ಮೇಲ್ಪದರವನ್ನು ದಾಟಿ ಆಳಕ್ಕಿಳಿದರೆ ಗುಳಿಬಿದ್ದ, ನೋಯುವ ಹುಣ್ಣಾಗುತ್ತದೆ. ಇದಕ್ಕೆ ಎಕ್ತಿಮಾ ಎಂದು ಹೆಸರು. ಮೊದಲ ಎರಡು ಬಗೆಗಳು ಶಾಶ್ವತ ಕಲೆ ಉಳಿಸದೆ ವಾಸಿಯಾದರೆ ಇದು ಗುರುತು ಬಿಟ್ಟುಹೋಗುತ್ತದೆ.

ಇದರಂತೆಯೇ ಕಾಣುವ ಬೇರೆ ತೊಂದರೆಗಳೂ ಇವೆ. ಹರ್ಪಿಸ್ ವೈರಸ್ಸಿನಿಂದ ತುಟಿಯ ಅಂಚಿನಲ್ಲಿ ಏಳುವ ಗುಳ್ಳೆಗಳು ಸಣ್ಣವಾಗಿ ಒಂದೇ ಗುಂಪಾಗಿರುತ್ತವೆ, ಉರಿ ಮತ್ತು ನೋವು ಹೆಚ್ಚು. ಹುಳುಕಡ್ಡಿಯ ಅಂಚು ಉಂಗುರದಂತೆ ಉಬ್ಬಿ ನಡುಭಾಗ ತಿಳಿಯಾಗುತ್ತ ನಿಧಾನವಾಗಿ ಅಗಲವಾಗುತ್ತದೆ. ಸೀತಾಳೆ ಸಿಡುಬು ಮೈಯೆಲ್ಲ ಹಬ್ಬಿ ಜ್ವರದೊಡನೆ ಬರುತ್ತದೆ. ಇಸುಬಿರುವ ಮಗುವಿನ ಮೈಮೇಲೆ ಒಂದೇ ಅಳತೆಯ, ಅಚ್ಚೊತ್ತಿ ತೆಗೆದಂಥ ಪುಟ್ಟ ಗುಳಿಹುಣ್ಣುಗಳು ಒಮ್ಮೆಲೇ ಎದ್ದರೆ ಅದು ಹರ್ಪಿಸ್ ಆಗಿರಬಹುದು. ಅಂಥ ಮಗುವನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು.

ಯಾವಾಗ ತಡಮಾಡಬಾರದು

ಇಂಪೆಟಿಗೊ ಎಂಬ ಅನುಮಾನ ಬಂದರೆ ಒಮ್ಮೆ ವೈದ್ಯರಿಗೆ ತೋರಿಸುವುದೇ ಸರಿ. ಚಿಕಿತ್ಸೆಯಿಲ್ಲದೆಯೂ ಇದು ಎರಡು ಮೂರು ವಾರಗಳಲ್ಲಿ ತಾನಾಗಿ ಇಳಿಯಬಹುದು ಎಂಬುದು ನಿಜ, ಆದರೆ ಅಷ್ಟು ದಿನವೂ ಆ ಮಗು ಸುತ್ತಲಿನವರಿಗೆ ಸೋಂಕು ಹಂಚುತ್ತಲೇ ಇರುತ್ತದೆ. ವೈದ್ಯರು ಹೆಚ್ಚಾಗಿ ಕಣ್ಣಿನಿಂದ ನೋಡಿಯೇ ರೋಗವನ್ನು ನಿರ್ಧರಿಸುತ್ತಾರೆ. ಔಷಧಿಗೆ ಬಗ್ಗದಿದ್ದಾಗ ಅಥವಾ ಪದೇ ಪದೇ ಬಂದಾಗ ಹುಣ್ಣಿನ ದ್ರವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ.

ಕೆಲವು ಲಕ್ಷಣಗಳು ಕಂಡರೆ ಮಾತ್ರ ನಾಳೆ ನೋಡೋಣ ಎನ್ನಬಾರದು. ಮಗುವಿಗೆ ಒಂದು ವರ್ಷ ತುಂಬಿಲ್ಲದಿದ್ದರೆ, ಜ್ವರ ಬಂದು ಮಗು ಮಂಕಾಗಿದ್ದರೆ, ಹುಣ್ಣಿನ ಸುತ್ತಲ ಚರ್ಮ ಬಿಸಿಯಾಗಿ ಊದಿಕೊಂಡು ಕೆಂಪು ಗಂಟೆಗಂಟೆಗೂ ಅಗಲವಾಗುತ್ತಿದ್ದರೆ, ಹುಣ್ಣು ಕಣ್ಣಿನ ಹತ್ತಿರವಿದ್ದರೆ, ಅಥವಾ ಬೇರೆ ಕಾಯಿಲೆಯಿಂದಲೋ ಔಷಧಿಯಿಂದಲೋ ಮಗುವಿನ ರೋಗನಿರೋಧಕ ಶಕ್ತಿ ಕುಂದಿದ್ದರೆ ಅಂದೇ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದುದು ಇದು: ಎಳೆಯ ಮಗು ಎತ್ತಿಕೊಂಡರೆ, ಮೈ ಮುಟ್ಟಿದರೆ ನೋವಿನಿಂದ ಚೀರುತ್ತಿದ್ದು, ಬಿಸಿನೀರು ಬಿದ್ದ ಹಾಗೆ ಚರ್ಮ ಹಾಳೆಹಾಳೆಯಾಗಿ ಸುಲಿಯತೊಡಗಿದರೆ ಸೀದಾ ಆಸ್ಪತ್ರೆಗೆ ಹೋಗಬೇಕು. ಮೇಲೆ ಹೇಳಿದ ಸ್ಟ್ಯಾಫಿಲೊಕಾಕಸ್ ವಿಷ ರಕ್ತದಲ್ಲಿ ಸೇರಿ ಮೈಯೆಲ್ಲ ಹರಡಿದಾಗ ಹೀಗಾಗುತ್ತದೆ, ಇದಕ್ಕೆ ಮನೆಯಲ್ಲಿ ಮಾಡುವ ಆರೈಕೆ ಸಾಲುವುದಿಲ್ಲ.

ಹಕ್ಕಳೆಯನ್ನು ನೆನೆಸಿ ತೆಗೆಯುವುದು

ಮುಲಾಮಿನ ಚೀಟಿ ಬರೆದುಕೊಟ್ಟ ವೈದ್ಯರಿಗೆ ಇದನ್ನು ವಿವರಿಸಲು ಎಷ್ಟೋ ಸಲ ಸಮಯ ಸಾಲುವುದಿಲ್ಲ, ಆದರೆ ಮನೆಯ ಆರೈಕೆಯಲ್ಲಿ ಹೆಚ್ಚು ತಾಳ್ಮೆ ಬೇಡುವ ಭಾಗ ಇದೇ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಕೈಗಳನ್ನು ಸಾಬೂನು ಹಚ್ಚಿ ತೊಳೆದುಕೊಳ್ಳಿ. ಒಗೆದು ಒಣಗಿಸಿದ ಮೆತ್ತನೆಯ ಹತ್ತಿಬಟ್ಟೆಯ ತುಂಡುಗಳನ್ನು ಮೂರು ನಾಲ್ಕಾದರೂ ತೆಗೆದಿಟ್ಟುಕೊಳ್ಳಿ. ಒಂದು ಹುಣ್ಣಿಗೆ ಬಳಸಿದ ತುಂಡನ್ನು ಇನ್ನೊಂದಕ್ಕೆ ಮುಟ್ಟಿಸಬಾರದು. ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ನೀರು ತೊಟ್ಟಿಕ್ಕದಷ್ಟು ಹಿಂಡಿ, ಹಕ್ಕಳೆಯ ಮೇಲೆ ಒತ್ತದೆ ಸುಮ್ಮನೆ ಇಟ್ಟು ಹಿಡಿದುಕೊಳ್ಳಿ. ಸುಮಾರು ಹತ್ತು ನಿಮಿಷ ಬೇಕಾಗುತ್ತದೆ. ಬಟ್ಟೆ ತಣ್ಣಗಾದರೆ ಇನ್ನೊಂದು ತುಂಡನ್ನು ಅದ್ದಿ ಇಡಿ. ಮೂರು ವರ್ಷದ ಮಗುವಿಗೆ ಹತ್ತು ನಿಮಿಷ ಬಹಳ ದೀರ್ಘವಾದದ್ದು. ನನ್ನ ಮಗಳನ್ನು ತೊಡೆಯ ಮೇಲೆ ಒರಗಿಸಿಕೊಂಡು ಒಂದು ಇಡೀ ಕಥೆ ಹೇಳಿ ಮುಗಿಸುವವರೆಗೆ ಬಟ್ಟೆ ತೆಗೆಯುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡಿದ್ದೆವು.

ಚೆನ್ನಾಗಿ ನೆನೆದ ಹಕ್ಕಳೆ ಹಳದಿಯಿಂದ ಬೆಳ್ಳಗೆ ತಿರುಗಿ ಉಬ್ಬುತ್ತದೆ, ಅಂಚುಗಳು ತಾವಾಗಿಯೇ ಎದ್ದು ನಿಲ್ಲುತ್ತವೆ. ಆಗ ಸಾಬೂನು ನೀರಿನಲ್ಲಿ ಅದ್ದಿದ ಹೊಸ ತುಂಡಿನಿಂದ ಹುಣ್ಣಿನ ಹೊರ ಅಂಚಿನಿಂದ ನಡುವಿಗೆ ಮೃದುವಾಗಿ ಒರೆಸಿದರೆ ಬಿಡಿಸಿಕೊಂಡು ಬರುತ್ತದೆ. ಹೊರಗಿನಿಂದ ಒಳಕ್ಕೆ ಒರೆಸುವುದು ಏಕೆಂದರೆ, ಒಳಗಿನ ದ್ರವ ಸುತ್ತಲ ಒಳ್ಳೆಯ ಚರ್ಮಕ್ಕೆ ತಗಲದಿರಲಿ ಎಂದು. ಬಾರದೆ ಉಳಿದ ಭಾಗವನ್ನು ಉಗುರಿನಿಂದ ಕೀಳಬಾರದು, ಮುಂದಿನ ಸಲಕ್ಕೆ ಬಿಡಬೇಕು. ರಕ್ತ ಜಿನುಗಿದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ. ಹಕ್ಕಳೆ ಹೋದ ಜಾಗ ಕೆಂಪಗೆ, ಒದ್ದೆಯಾಗಿ, ಹೊಳೆಯುತ್ತ ಕಾಣುತ್ತದೆ. ನೋಡಲು ಗಾಬರಿಯಾದರೂ ಔಷಧಿ ತಲುಪಬೇಕಾದ ಜಾಗ ಅದೇ. ಒಣಬಟ್ಟೆಯಿಂದ ಉಜ್ಜದೆ ಒತ್ತಿ ತೇವ ತೆಗೆದು ಮುಲಾಮು ಹಚ್ಚಬೇಕು.

ಟ್ಯೂಬಿನ ಬಾಯಿಯನ್ನು ಹುಣ್ಣಿಗೆ ತಾಗಿಸಬಾರದು. ಬೇಕಾದಷ್ಟು ಮುಲಾಮನ್ನು ಹತ್ತಿಕಡ್ಡಿಯ ತುದಿಗೆ ತೆಗೆದುಕೊಂಡು ಹುಣ್ಣಿನ ಮೇಲೂ ಅದರ ಅಂಚಿನ ಹೊರಗೆ ಸ್ವಲ್ಪ ದೂರಕ್ಕೂ ತೆಳುವಾಗಿ ಹಚ್ಚಿ. ದಪ್ಪಗೆ ಮೆತ್ತಿದರೆ ಬೇಗ ವಾಸಿಯಾಗುವುದಿಲ್ಲ, ಬಟ್ಟೆಗೆ ಅಂಟುತ್ತದೆ ಅಷ್ಟೇ. ಕೈಕಾಲಿನ ಹುಣ್ಣಿಗೆ ತೆಳುವಾದ ಗಾಜ್ ಬಟ್ಟೆ ಸುತ್ತಿದರೆ ಮಗುವಿನ ಬೆರಳು ಅಲ್ಲಿಗೆ ಹೋಗುವುದು ತಪ್ಪುತ್ತದೆ. ಬಳಸಿದ ಹತ್ತಿಕಡ್ಡಿ, ಗಾಜ್‌ಗಳನ್ನು ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ, ಬಟ್ಟೆಯ ತುಂಡುಗಳನ್ನು ಬಿಸಿನೀರಿನಲ್ಲಿ ಹಾಕಿ, ಮತ್ತೆ ಕೈ ತೊಳೆದರೆ ಒಂದು ಸುತ್ತು ಮುಗಿದಂತೆ.

ಮುಲಾಮು ಮತ್ತು ಬಾಯಿಯ ಔಷಧಿ

ಒಂದೆರಡು ಕಡೆ ಮಾತ್ರ ಹುಣ್ಣಿದ್ದು ಮಗು ಲವಲವಿಕೆಯಿಂದ ಇದ್ದರೆ ಹಚ್ಚುವ ಔಷಧಿಯೇ ಸಾಕು. ವೈದ್ಯರು ಹೆಚ್ಚಾಗಿ ಬರೆಯುವುದು 2% ಮ್ಯುಪಿರೋಸಿನ್ ಅಥವಾ 2% ಫ್ಯೂಸಿಡಿಕ್ ಆಸಿಡ್ ಮುಲಾಮನ್ನು. ದಿನಕ್ಕೆ ಎರಡು ಅಥವಾ ಮೂರು ಬಾರಿ, ಸಾಮಾನ್ಯವಾಗಿ 5 ದಿನ ಹಚ್ಚಬೇಕಾಗುತ್ತದೆ. ಎಷ್ಟು ಬಾರಿ ಎಂಬುದು ಔಷಧಿಯಿಂದ ಔಷಧಿಗೆ ಬದಲಾಗುವುದರಿಂದ ಚೀಟಿಯಲ್ಲಿ ಇರುವಂತೆ ಮಾಡಿ. ಎರಡನೆಯ ಮೂರನೆಯ ದಿನಕ್ಕೆ ಒಸರುವುದು ನಿಂತು ಹುಣ್ಣು ಸಣ್ಣದಾಗತೊಡಗುತ್ತದೆ. ಆಗಲೇ ಬಿಟ್ಟುಬಿಡುವುದೂ ತಪ್ಪು, ಇರಲಿ ಎಂದು ವಾರಗಟ್ಟಲೆ ಹಚ್ಚುತ್ತ ಹೋಗುವುದೂ ತಪ್ಪು. ಈ ಎರಡು ಔಷಧಿಗಳಿಗೂ ಬಗ್ಗದ ಸ್ಟ್ಯಾಫಿಲೊಕಾಕಸ್ ತಳಿಗಳು ಈಗಾಗಲೇ ಹುಟ್ಟಿಕೊಂಡಿವೆ, ಬೇಕಾಬಿಟ್ಟಿ ಬಳಕೆ ಅದಕ್ಕೆ ಮುಖ್ಯ ಕಾರಣ. ಇದೇ ಆತಂಕದಿಂದ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ 2020ರಿಂದ, ಹುಣ್ಣು ಸ್ವಲ್ಪ ಜಾಗಕ್ಕೆ ಸೀಮಿತವಾಗಿದ್ದು ಮಗುವಿಗೆ ಬೇರೆ ತೊಂದರೆ ಇಲ್ಲದಿದ್ದರೆ ಆ್ಯಂಟಿಬಯೋಟಿಕ್ ಬದಲು 1% ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮನ್ನು ಮೊದಲು ಬಳಸಲು ಹೇಳುತ್ತದೆ. ಅದು ಚರ್ಮಕ್ಕೆಂದೇ ತಯಾರಿಸಿದ ಕ್ರೀಮ್; ಗಾಯ ತೊಳೆಯುವ ಬಾಟಲಿಯ ದ್ರವವನ್ನು ಅದರ ಬದಲಿಗೆ ಮಗುವಿನ ಮುಖಕ್ಕೆ ಹಚ್ಚಬಾರದು.

ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಚರ್ಮದ ಯಾವ ತೊಂದರೆಗೂ ಆಗುತ್ತದೆ ಎಂದು ಕೈಗೆ ಬರುವ ಮಿಶ್ರ ಕ್ರೀಮುಗಳಲ್ಲಿ ಅನೇಕ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಕೆಂಪನ್ನೂ ತುರಿಕೆಯನ್ನೂ ಬೇಗ ಇಳಿಸುವುದರಿಂದ ಗುಣವಾದಂತೆ ಕಾಣುತ್ತದೆ, ಒಳಗೆ ಸೋಂಕು ಮಾತ್ರ ಚರ್ಮದ ಪ್ರತಿರೋಧ ಕುಗ್ಗಿದ ಅನುಕೂಲದಲ್ಲಿ ಹಬ್ಬುತ್ತಿರುತ್ತದೆ. ಹಳೆಯ ಟ್ಯೂಬು, ಬೇರೊಬ್ಬರ ಮಗುವಿಗೆ ಬರೆದ ಔಷಧಿ, ಮನೆಯಲ್ಲಿರುವ ಪುಡಿ, ಎಣ್ಣೆ, ಟೂತ್‌ಪೇಸ್ಟ್, ಇವು ಯಾವುವೂ ತೆರೆದ ಹುಣ್ಣಿಗೆ ತಾಗಬಾರದು.

ಹುಣ್ಣುಗಳು ಹಲವು ಕಡೆ ಹರಡಿದ್ದರೆ, ದೊಡ್ಡ ನೀರುಗುಳ್ಳೆಗಳಿದ್ದರೆ, ಆಳದ ಹುಣ್ಣಾಗಿದ್ದರೆ, ಜ್ವರವಿದ್ದರೆ, ಅಥವಾ ಮನೆಯಲ್ಲಿ ಹಲವರಿಗೆ ಒಮ್ಮೆಲೇ ಬಂದಿದ್ದರೆ ಬಾಯಿಯ ಮೂಲಕ ಕೊಡುವ ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಸೆಫಲೆಕ್ಸಿನ್, ಅಮಾಕ್ಸಿಸಿಲಿನ್ ಜೊತೆ ಕ್ಲಾವ್ಯುಲನೇಟ್ ಸೇರಿದ ಔಷಧಿ, ಫ್ಲೂಕ್ಲಾಕ್ಸಸಿಲಿನ್ ಮುಂತಾದವುಗಳಲ್ಲಿ ಒಂದನ್ನು ಮಗುವಿನ ತೂಕ ನೋಡಿ ಸಾಮಾನ್ಯವಾಗಿ 5ರಿಂದ 7 ದಿನಕ್ಕೆ ಬರೆಯುತ್ತಾರೆ. ಮಗುವಿಗೆ ಹಿಂದೆ ಯಾವುದಾದರೂ ಔಷಧಿಯಿಂದ ಅಲರ್ಜಿಯಾಗಿದ್ದರೆ ಚೀಟಿ ಬರೆಯುವ ಮೊದಲೇ ಹೇಳಬೇಕು. ಪುಡಿಯ ರೂಪದ ಸಿರಪ್ ಆದರೆ ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗುರುತಿನವರೆಗೆ ಹಾಕಿ ಕಲಸಿ, ಪ್ರತಿ ಸಲವೂ ಕುಲುಕಿ, ಅಡುಗೆಮನೆಯ ಚಮಚದಲ್ಲಲ್ಲ, ಅದರೊಡನೆ ಬಂದ ಅಳತೆಯ ಮುಚ್ಚಳ ಅಥವಾ ಸಿರಿಂಜಿನಲ್ಲೇ ಅಳೆದು ಕೊಡಬೇಕು. ಹುಣ್ಣು ಒಣಗಿದರೂ ಹೇಳಿದಷ್ಟು ದಿನ ಮುಗಿಸಬೇಕು. ಔಷಧಿ ಶುರುಮಾಡಿ ಮೂರು ದಿನವಾದರೂ ಹೊಸ ಹುಣ್ಣುಗಳು ಏಳುತ್ತಿದ್ದರೆ ಮತ್ತೆ ತೋರಿಸಿ. ಮೆಥಿಸಿಲಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಇದ್ದರೆ ಔಷಧಿಯನ್ನೇ ಬದಲಾಯಿಸಬೇಕಾಗುತ್ತದೆ.

ಮನೆಯೊಳಗೆ ಹರಡದಂತೆ

ಮುಟ್ಟುವುದರಿಂದ ಹರಡುವ ರೋಗವಿದು. ಹುಣ್ಣನ್ನು ಮುಟ್ಟಿದ ಬೆರಳು, ಮುಖ ಒರೆಸಿದ ಟವೆಲ್, ಒಂದೇ ದಿಂಬು, ಬಾಯಿಗೆ ಹೋಗಿಬರುವ ಆಟಿಕೆ, ಇವು ಅದರ ವಾಹನಗಳು. ಬಟ್ಟೆಯ ಮೇಲೂ ಪ್ಲಾಸ್ಟಿಕ್ಕಿನ ಮೇಲೂ ಸ್ಟ್ಯಾಫಿಲೊಕಾಕಸ್ ದಿನಗಟ್ಟಲೆ ಬದುಕಿರಬಲ್ಲದು. ಆದ್ದರಿಂದ ವಾಸಿಯಾಗುವವರೆಗೆ ಮಗುವಿಗೆ ಟವೆಲ್, ದಿಂಬು, ಬಾಚಣಿಗೆ ಬೇರೆಯೇ ಇರಲಿ. ದಿಂಬಿನ ಚೀಲ, ಟವೆಲ್, ಒಳಉಡುಪುಗಳನ್ನು ದಿನವೂ ಬದಲಿಸಿ, ಬಟ್ಟೆ ತಾಳುವುದಾದರೆ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಒಗೆಯಲಾಗದ ಆಟಿಕೆಗಳನ್ನು ಸಾಬೂನು ನೀರಿನಿಂದ ಒರೆಸಿ, ತುಪ್ಪುಳಿನ ಬೊಂಬೆಗಳನ್ನು ಕೆಲವು ದಿನ ಎತ್ತಿಡಿ.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಕೈ ತೊಳೆಯುವುದು ಮತ್ತು ಉಗುರು ಕತ್ತರಿಸುವುದು. ಕರಾಚಿಯ ಬಡ ವಸತಿಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾದಾ ಸಾಬೂನು ಕೊಟ್ಟು ಕೈ ತೊಳೆಯುವುದನ್ನು ರೂಢಿ ಮಾಡಿಸಿದ ಮನೆಗಳ 15 ವರ್ಷದೊಳಗಿನ ಮಕ್ಕಳಲ್ಲಿ ಇಂಪೆಟಿಗೊ 34% ಕಡಿಮೆಯಾಯಿತು. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಸೇರಿಸಿದ ಸಾಬೂನು ಅದಕ್ಕಿಂತ ಹೆಚ್ಚಿನದೇನನ್ನೂ ಸಾಧಿಸಲಿಲ್ಲ. ಆದ್ದರಿಂದ ವಿಶೇಷ ಸಾಬೂನಿಗಾಗಿ ಹುಡುಕಬೇಕಾಗಿಲ್ಲ, ಇರುವುದನ್ನೇ ದಿನಕ್ಕೆ ಹಲವು ಸಲ ಬಳಸಿದರಾಯಿತು. ಮಗುವಿನ ಕೈ ಮಾತ್ರವಲ್ಲ, ಆರೈಕೆ ಮಾಡುವವರ ಕೈ, ಮಗುವನ್ನು ಎತ್ತಿ ಮುದ್ದಿಸುವ ಅಜ್ಜ ಅಜ್ಜಿಯರ ಕೈ, ಜೊತೆಗೆ ಆಡುವ ಅಣ್ಣ ತಂಗಿಯರ ಕೈ ಎಲ್ಲವೂ ಇದರಲ್ಲಿ ಸೇರುತ್ತವೆ. ಮನೆಯ ಇತರ ಮಕ್ಕಳ ಮೂಗು, ಬಾಯಿ, ಕೈಕಾಲುಗಳನ್ನು ಎರಡು ವಾರ ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡುತ್ತಿರಿ. ತುರಿಕೆಯಿಂದ ರಾತ್ರಿ ಮಗು ಕೆರೆದುಕೊಳ್ಳುತ್ತಿದ್ದರೆ ಅದಕ್ಕೂ ವೈದ್ಯರಿಂದ ಔಷಧಿ ಕೇಳಿ. ಕೆರೆಯಬೇಡ ಎಂದು ನಿದ್ದೆಯಲ್ಲಿರುವ ಮಗುವಿಗೆ ಹೇಳಲು ಬರುವುದಿಲ್ಲ.

ಆ್ಯಂಟಿಬಯೋಟಿಕ್ ಶುರುಮಾಡಿ 24ರಿಂದ 48 ಗಂಟೆ ಕಳೆದ ಮೇಲೆ ಮಗುವಿನಿಂದ ಸೋಂಕು ಹರಡುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಎಷ್ಟು ದಿನ ಶಾಲೆಗೆ ಕಳುಹಿಸಬಾರದು ಎಂಬ ನಿಯಮ ಎಲ್ಲ ಕಡೆ ಒಂದೇ ಇಲ್ಲ. 48 ಗಂಟೆ ಕಾಯುವುದು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ. ಔಷಧಿ ಕೊಡದಿದ್ದರೆ ಎಲ್ಲ ಹುಣ್ಣುಗಳೂ ಒಣಗುವವರೆಗೆ ಮನೆಯಲ್ಲೇ ಇರಿಸಬೇಕು. ಒಣಗುವುದು ಎಂದರೆ ಮೊದಲ ದಿನಗಳ ಆ ಅಂಟಂಟಾದ ಜೇನುಬಣ್ಣದ ಹಕ್ಕಳೆ ಕಟ್ಟುವುದಲ್ಲ, ಒಸರುವುದು ಪೂರ್ತಿ ನಿಂತು ಗಟ್ಟಿಯಾದ ಒಣ ಪೊರೆ ಮಾತ್ರ ಉಳಿಯುವುದು. ಈಜು, ಕುಸ್ತಿಯಂಥ ಮೈಗೆ ಮೈ ತಾಗುವ ಆಟ ಅಲ್ಲಿಯವರೆಗೆ ಬೇಡ. ಶಿಕ್ಷಕರಿಗೆ ವಿಷಯ ತಿಳಿಸಲು ಹಿಂಜರಿಯಬಾರದು. ಒಬ್ಬ ತಾಯಿ ಹೇಳಿದರೆ ಇನ್ನೂ ನಾಲ್ಕು ಮನೆಗಳವರು ತಮ್ಮ ಮಕ್ಕಳ ಮುಖವನ್ನು ಎಚ್ಚರದಿಂದ ನೋಡುತ್ತಾರೆ.

ಮತ್ತೆ ಮತ್ತೆ ಬಂದರೆ

ವಾಸಿಯಾದ ಹುಣ್ಣು ತಿಂಗಳೊಳಗೆ ಮರಳಿದರೆ ಅದರ ಹಿಂದೆ ಇನ್ನೊಂದು ಕಾರಣವಿದೆಯೇ ಎಂದು ನೋಡಬೇಕು. ಮೊದಲು ಅನುಮಾನಿಸಬೇಕಾದದ್ದು ತುರಿಕಜ್ಜಿಯನ್ನು. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕಳ ಸುತ್ತ ತುರಿಕೆಯಿದ್ದು ರಾತ್ರಿ ಹೆಚ್ಚಾಗುತ್ತಿದ್ದರೆ, ಮನೆಯಲ್ಲಿ ಬೇರೆಯವರಿಗೂ ತುರಿಕೆಯಿದ್ದರೆ ಅದು ತುರಿಕಜ್ಜಿಯೇ ಇರಬಹುದು. ಅದಕ್ಕೆ ಮನೆಯವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯದೆ ಇಂಪೆಟಿಗೊಗೆ ಎಷ್ಟು ಮುಲಾಮು ಹಚ್ಚಿದರೂ ಪ್ರಯೋಜನವಾಗದು. ಫಿಜಿ ದ್ವೀಪಗಳಲ್ಲಿ ಇಡೀ ಸಮುದಾಯಗಳಿಗೆ ತುರಿಕಜ್ಜಿಯ ಔಷಧಿ ಐವರ್ಮೆಕ್ಟಿನ್ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ತುರಿಕಜ್ಜಿ 94% ಇಳಿಯಿತು, ಅದರ ಬೆನ್ನಿಗೆ ಇಂಪೆಟಿಗೊ ಕೂಡ 67% ಇಳಿಯಿತು. ಹಾಗೆಯೇ ಇಸುಬಿರುವ ಮಗುವಿನ ಚರ್ಮಕ್ಕೆ ದಿನವೂ ತೇವಾಂಶ ಉಳಿಸುವ ಕ್ರೀಮ್ ಹಚ್ಚಿ ಸೀಳದಂತೆ ನೋಡಿಕೊಳ್ಳುವುದು, ತಲೆಯ ಹೇನು ತೆಗೆಯುವುದು, ಸೊಳ್ಳೆ ಕಚ್ಚದಂತೆ ಕಾಯುವುದು, ತರಚಿದ ಗಾಯವನ್ನು ಕೂಡಲೇ ಸಾಬೂನು ನೀರಿನಲ್ಲಿ ತೊಳೆಯುವುದು ಇವೆಲ್ಲ ತಡೆಯುವ ಕ್ರಮಗಳೇ. ಇವು ಯಾವುವೂ ಕಾರಣವಲ್ಲ ಎಂದಾದರೆ ಮಗುವಿನ ಅಥವಾ ಮನೆಯವರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ನೆಲೆಸಿದೆಯೇ ಎಂದು ಪರೀಕ್ಷಿಸಿ, ಮೂಗಿನೊಳಗೆ ಹಚ್ಚುವ ಮುಲಾಮನ್ನು ವೈದ್ಯರು ಕೆಲವು ದಿನಕ್ಕೆ ಕೊಡುವುದುಂಟು.

ಹುಣ್ಣು ಮಾಸಿದ ಮೇಲಿನ ವಾರಗಳು

ಹಕ್ಕಳೆ ಉದುರಿದ ಜಾಗದಲ್ಲಿ ಸ್ವಲ್ಪ ಕಾಲ ಕಪ್ಪು ಅಥವಾ ಬಿಳಿಚಿದ ಮಚ್ಚೆ ಉಳಿಯುತ್ತದೆ. ಚರ್ಮದ ಬಣ್ಣ ಗಾಢವಾಗಿದ್ದಷ್ಟೂ ಅದು ಎದ್ದು ಕಾಣುತ್ತದೆ, ಮಾಸಲು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಹಿಡಿಯುತ್ತದೆ. ಅದಕ್ಕೆಂದು ಬಿಳುಪಾಗಿಸುವ ಕ್ರೀಮ್ ಯಾವುದನ್ನೂ ಹಚ್ಚುವ ಅಗತ್ಯವಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯ ಕಡೆ ಮಾತ್ರ ಗಮನವಿರಬೇಕು. ಸ್ಟ್ರೆಪ್ಟೊಕಾಕಸ್‌ನ ಕೆಲವು ತಳಿಗಳಿಂದ ಚರ್ಮದ ಸೋಂಕಾದ ಮಕ್ಕಳಲ್ಲಿ ಕೆಲವರಿಗೆ, ಹುಣ್ಣು ಬಂದು ಸುಮಾರು ಮೂರು ವಾರಗಳ ನಂತರ, ಕೆಲವೊಮ್ಮೆ ಆರು ವಾರಗಳವರೆಗೂ, ಮೂತ್ರಪಿಂಡದ ಉರಿಯೂತ ಕಾಣಿಸಿಕೊಳ್ಳುವುದುಂಟು. ಬ್ಯಾಕ್ಟೀರಿಯಾ ಮೂತ್ರಪಿಂಡಕ್ಕೆ ಹೋಗಿ ಸೇರುವುದರಿಂದ ಇದಾಗುವುದಲ್ಲ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಮತ್ತು ಬ್ಯಾಕ್ಟೀರಿಯಾದ ತುಣುಕುಗಳು ಕೂಡಿಕೊಂಡು ಮೂತ್ರಪಿಂಡದ ಸೋಸುವ ಭಾಗದಲ್ಲಿ ಸಿಕ್ಕಿಕೊಳ್ಳುವುದರಿಂದ ಆಗುತ್ತದೆ. ಸರಿಯಾಗಿ ಆ್ಯಂಟಿಬಯೋಟಿಕ್ ಕೊಟ್ಟಿದ್ದರೂ ಇದು ಬರುವುದೇ ಇಲ್ಲ ಎಂದು ಹೇಳಲಾಗುವುದಿಲ್ಲ. ಆದ್ದರಿಂದ ಹುಣ್ಣು ಕಾಣಿಸಿದ ದಿನವನ್ನು ಎಲ್ಲಾದರೂ ಬರೆದಿಟ್ಟುಕೊಂಡು, ಅಲ್ಲಿಂದ ಆರು ವಾರ ಎರಡು ವಿಷಯಗಳನ್ನು ನೋಡುತ್ತಿರಿ. ಬೆಳಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ಊತವಿದೆಯೇ? ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದೆಯೇ, ಅಥವಾ ದಿನಕ್ಕಿಂತ ಬಹಳ ಕಡಿಮೆಯಾಗಿದೆಯೇ? ಇವುಗಳಲ್ಲಿ ಒಂದಾದರೂ ಕಂಡರೆ, ಅಥವಾ ಮಗು ತಲೆನೋವು ಎಂದು ಅತ್ತರೆ, ಅದೇ ದಿನ ವೈದ್ಯರ ಬಳಿಗೆ ಕರೆದೊಯ್ದು ಹಿಂದೆ ಚರ್ಮದ ಸೋಂಕಾಗಿತ್ತು ಎಂಬುದನ್ನು ನೀವಾಗಿಯೇ ಹೇಳಿ. ಹುಣ್ಣು ಮಾಸಿಹೋಗಿರುವುದರಿಂದ ಅವರಿಗೆ ಅದು ನೋಡಿ ತಿಳಿಯುವಂತಿರುವುದಿಲ್ಲ. ಮೂತ್ರದ ಒಂದು ಪರೀಕ್ಷೆ, ರಕ್ತದೊತ್ತಡದ ಒಂದು ಅಳತೆಯಿಂದ ಮೊದಲ ಸುಳಿವು ಸಿಗುತ್ತದೆ, ಹೊತ್ತಿಗೆ ಸರಿಯಾಗಿ ನೋಡಿಕೊಂಡರೆ ಹೆಚ್ಚಿನ ಮಕ್ಕಳು ಪೂರ್ತಿಯಾಗಿ ಚೇತರಿಸಿಕೊಳ್ಳುತ್ತಾರೆ.